ಅಟ್ಟದ ಮೇಲಿನ ಕೊಡಲಿ

ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಟೀವಿ ಹೇಳಿದರೆ ಸಾಕು, ದೂರದೇಶದಲ್ಲಿ ನದಿ ಕಡಲು ಸೇರುವ ಆ ಊರಿನ ಮನೆಮನೆಯಲ್ಲೂ ಗಂಡಹೆಂಡಿರ ಜಗಳ ಶುರು. ಹೋಗೋಣ ಅನ್ನುವವರು ಒಬ್ಬರು, ಇರೋಣ ಅನ್ನುವವರು ಇನ್ನೊಬ್ಬರು. ವೆರ್ನಾಳ ಮನೆಯಲ್ಲಿ ಇರೋಣ ಅನ್ನುವವನು ಅವಳ ಗಂಡ ಆಲ್ಸೀಡ್. ಸಿಗಡಿ ಹಿಡಿಯುವ ದೋಣಿಯವನು, ಒಳ್ಳೆಯ ಮಾತುಗಾರ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

"ಅಟ್ಟದ ಮೇಲೆ ಕೊಡಲಿ ಇದೆಯಲ್ಲೇ, ಇನ್ನೇನು ಭಯ ನಿಂಗೆ?" ಎನ್ನುತ್ತಿದ್ದ.

ಅಲ್ಲಿ ಹೆಚ್ಚುಕಡಿಮೆ ಎಲ್ಲರ ಅಟ್ಟದಲ್ಲೂ ಒಂದು ಕೊಡಲಿ ಇರುತ್ತದೆ. ನದಿಯ ಒಡ್ಡು ಒಡೆದು ನೀರು ನುಗ್ಗಿದರೆ ಜನ ಅಟ್ಟ ಹತ್ತುತ್ತಾರೆ. ನೀರು ಅಲ್ಲಿಗೂ ಬಂದರೆ ಒಳಗಿನಿಂದ ಚಾವಣಿ ಕಡಿದು ಹೊರಗೆ ಬರಬೇಕು. ಅರವತ್ತೈದನೇ ಇಸವಿಯಲ್ಲಿ ಬೆಟ್ಸಿ ಎಂಬ ಚಂಡಮಾರುತ ಬಂದಾಗ ಆಲ್ಸೀಡನ ಅಪ್ಪ ಹಾಗೇ ಕಡಿದು ಹೆಂಡತಿ ಮಕ್ಕಳನ್ನು ಉಳಿಸಿಕೊಂಡಿದ್ದ. ಆಲ್ಸೀಡನಿಗೆ ಆಗ ಹನ್ನೆರಡು ವರ್ಷ.

ಅದಾಗಿ ಮೂವತ್ತೊಂಬತ್ತು ವರ್ಷದ ಮೇಲೆ, ಒಂದು ಸೆಪ್ಟೆಂಬರಿನಲ್ಲಿ ಮತ್ತೊಂದು ಚಂಡಮಾರುತ ಕೊಲ್ಲಿಗೆ ಕಾಲಿಟ್ಟಿತು. ವೆರ್ನಾಳಿಗೆ ಅನ್ನ ಸೇರಲಿಲ್ಲ. ಅದೇ ವಾರ ಚರ್ಚಿನ ಸಭಾಂಗಣದಲ್ಲಿ ಮಿಸ್ ಒಡೀಲ್ ಅವರ ಮಾತು ಇತ್ತು. ನಿವೃತ್ತ ಟೀಚರ್ ಅವರು. ಹಳೆಯ ಫೋಟೋಗಳ ಪೆಟ್ಟಿಗೆ ಹೊತ್ತು ಊರೂರು ಸುತ್ತಿ, ಮೀನುಗಾರರ ಸಂಘ, ಹೆಂಗಸರ ಸಂಘ ಅನ್ನದೆ ಎಲ್ಲ ಕಡೆ ಚಂಡಮಾರುತಗಳ ಚರಿತ್ರೆ ಹೇಳುತ್ತಿದ್ದರು. ಊಟಕ್ಕೆ ಸಿಗಡಿ ಸಾರು ಅನ್ನ ಇದೆ ಎಂದು ಆಸೆ ತೋರಿಸಿ ವೆರ್ನಾ ಗಂಡನನ್ನು ಎಳೆದುಕೊಂಡು ಹೋದಳು.

"ಬೆಟ್ಸಿ ನೆನಪಿರೋರು ಯಾರಾದ್ರೂ ಇದೀರಾ?" ಮಿಸ್ ಒಡೀಲ್ ಕೇಳಿದರು.

ಆಲ್ಸೀಡ್ ಎದ್ದೇಬಿಟ್ಟ. ಅಪ್ಪನ ಚಡ್ಡಿ ಮೊಳೆಗೆ ಸಿಕ್ಕಿ ಹರಿದದ್ದು, ಕೋಳಿಯೊಂದು ಹಾರಿ ಬಂದು ಅಮ್ಮನ ತಲೆಯ ಮೇಲೆ ಕೂತದ್ದು, ಅಂಥಾ ಗಾಳಿಯಲ್ಲೂ ಅಮ್ಮ ಗಂಟಲು ಹರಿಯುವ ಹಾಗೆ ಹಾಡು ಹೇಳಿದ್ದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ ಒಡೀಲ್ ಕೂಡ ನಕ್ಕರು.

"ಚೆನ್ನಾಗಿ ಹೇಳ್ದೆ ಕಣಪ್ಪ. ಒಂದು ಮಾತು ಕೇಳ್ಲಾ? ನಿಮ್ಮ ಪಕ್ಕದ ಮನೇಲಿ ಯಾರಿದ್ರು?"

ಆಲ್ಸೀಡನ ಮುಖ ಬಾಡಿತು. "ಯಾರೋ ಇದ್ರು," ಎಂದು ಕೂತುಬಿಟ್ಟ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ವೆರ್ನಾ ಅವನನ್ನು ಹಾಗೆ ಮಾತು ನುಂಗಿದವನಾಗಿ ಕಂಡಿರಲಿಲ್ಲ.

ಮಿಸ್ ಒಡೀಲ್ ಸಭೆಯ ಕಡೆ ತಿರುಗಿದರು. "ನೋಡಿ, ನಾನು ಎಲ್ಲಿಗೆ ಹೋದ್ರೂ ಎದ್ದು ನಿಂತು ಕಥೆ ಹೇಳೋರು ಬದುಕಿದೋರು. ಸತ್ತೋರು ಒಬ್ರೂ ಸಭೆಗೆ ಬರಲ್ಲ. ಅದಕ್ಕೇ ನಮ್ಮ ಕಥೆ ಕೇಳಿದ್ರೆ ಎಲ್ರೂ ಬದುಕಿದ್ರೇನೋ ಅನ್ಸುತ್ತೆ. ಕೊಡಲಿ ಅಟ್ಟದಲ್ಲಿರ್ಲಿ, ಬೇಡ ಅನ್ನಲ್ಲ. ನೀವು ಅಲ್ಲಿರಬೇಡಿ. ನಮಗಿರೋದು ಒಂದೇ ರಸ್ತೆ. ಮನೆಗಿಂತ ಮುಂಚೆ ಅದು ಮುಳುಗುತ್ತೆ."

ಮಾರನೆಯ ದಿನ ಪೊಲೀಸ್ ಕಾರು ಮೈಕಿನಲ್ಲಿ ಕೂಗುತ್ತಾ ಬಂತು. ಎಲ್ಲರೂ ಊರು ಬಿಡಬೇಕು. ಆಕಾಶ ಮಾತ್ರ ತೊಳೆದಿಟ್ಟ ಹಾಗಿತ್ತು, ಎಲೆ ಅಲುಗಾಡುತ್ತಿರಲಿಲ್ಲ. ವೆರ್ನಾಳಿಗೆ ಅದನ್ನು ಕಂಡೇ ಹೆಚ್ಚು ಹೆದರಿಕೆಯಾಯಿತು.

ಬೇಲಿಯ ಆಚೆಯಿಂದ ನೋಲಿಯಾ ಅಜ್ಜಿ ಕೂಗಿದಳು. ಒಂಟಿ ಜೀವ, ಮಂಡಿ ನೋವು, ಗಾಡಿ ಇಲ್ಲ. "ಆಲ್ಸೀಡ್ ಹೋಗ್ತಾನೇನೇ?"

"ಇರ್ತಾನಂತೆ ಅಜ್ಜಿ."

"ಹಾಗಿದ್ರೆ ನಾನೂ ಇರ್ತೀನಿ ಬಿಡು. ಅವನಿಗಿಲ್ಲದ ಭಯ ನಂಗ್ಯಾಕೆ?"

ಗಂಡನ ಹಠ ಅವನೊಬ್ಬನನ್ನೇ ಮುಳುಗಿಸುವಂಥದ್ದಲ್ಲ ಎಂದು ವೆರ್ನಾಳಿಗೆ ಆಗ ಹೊಳೆಯಿತು. ಸೀದಾ ಒಳಗೆ ಬಂದು ಗಂಡನ ಮುಂದೆ ನಿಂತಳು.

"ಆಯ್ತು, ಇರೋಣ. ಆದ್ರೆ ಈಗ ಅಟ್ಟ ಹತ್ತಿ, ಆ ಕೊಡಲಿ ಬೀಸಿ ತೋರ್ಸು."

"ಏನೇ ಇದು, ಹುಡುಗಾಟ?"

"ಹುಡುಗಾಟ ಅಂತಾನೇ ತಿಳ್ಕೋ. ಹತ್ತು."

ಗೊಣಗುತ್ತಾ ಹತ್ತಿದ. ಏಣಿ ಅವನ ಭಾರಕ್ಕೆ ನರಳಿತು. ಕೆಳಗೆ ನಿಂತ ವೆರ್ನಾಳ ಮುಖಕ್ಕೆ ಅಟ್ಟದ ಬಿಸಿ ಒಲೆಯ ಝಳದಂತೆ ಬಡಿಯಿತು. ಮೇಲೆ ಅವನಿಗೆ ನೆಟ್ಟಗೆ ನಿಲ್ಲಲು ಜಾಗವಿರಲಿಲ್ಲ. ಮಂಡಿಯೂರಿ ಕೊಡಲಿ ಎತ್ತಿದರೆ ಮೊಣಕೈ ತೊಲೆಗೆ ಬಡಿಯಿತು. "ಅಯ್ಯಯ್ಯಪ್ಪಾ!" ಮತ್ತೆ ಎತ್ತಿದ. ಠಪ್, ಠಪ್ ಎಂದು ನಾಲ್ಕು ಸಲ ಸದ್ದು. ಆಮೇಲೆ ಏನೂ ಇಲ್ಲ.

"ಆಲ್ಸೀಡ್?"

ವೆರ್ನಾ ಏಣಿ ಹಿಡಿದು ದಡದಡ ಹತ್ತಿದಳು. ಅವನು ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆವರಿನಲ್ಲಿ ನೆಂದು ಕೂತಿದ್ದ. ಚಾವಣಿಯ ಹಲಗೆಯಲ್ಲಿ ಒಂದೆರಡು ಗೀರು ಬಿದ್ದಿತ್ತು, ಅಷ್ಟೆ.

"ರೆಮಿ ಇದ್ದ," ಅಂದ. "ಪಕ್ಕದ ಮನೇಲಿ. ರೆಮಿ, ಅವನ ತಂಗಿ, ಅವರಪ್ಪ ಅಮ್ಮ. ದಿನಾ ನಂಜೊತೆ ಏಡಿ ಹಿಡಿಯೋಕೆ ಬರ್ತಿದ್ದ ಕಣೇ. ಅವರ ಅಟ್ಟದಲ್ಲಿ ಕೊಡಲಿ ಇರ್ಲಿಲ್ಲ. ನಾವು ಚಾವಣಿ ಮೇಲೆ ಕೂತಿದ್ವಿ. ಅವರು ಒಳಗಿಂದ ಕೈಯಲ್ಲಿ ಕುಟ್ತಿದ್ರು, ನಮಗೆ ಕೇಳಿಸ್ತಿತ್ತು. ಅಪ್ಪ ಕೊಡಲಿ ಹಿಡ್ಕೊಂಡು ಎರಡು ಸಲ ನೀರಿಗಿಳಿದ. ಎರಡು ಸಲವೂ ನೀರು ಎಳ್ಕೊಂಡು ಹೋಗಿ ಅಪ್ಪನೇ ಉಳಿದಿದ್ದು ಹೆಚ್ಚು."

"ಮತ್ತೆ ಅಮ್ಮ ಹಾಡಿದ್ದು?"

"ನಮಗೆ ಆ ಸದ್ದು ಕೇಳಿಸಬಾರದು ಅಂತ. ಹಾಡಿದ್ಲು, ಹಾಡಿದ್ಲು. ಆಮೇಲೆ ಆ ಕಡೆ ಕುಟ್ಟೋದು ನಿಂತ್ಹೋಯ್ತು. ಅಮ್ಮನೂ ನಿಲ್ಲಿಸಿದ್ಲು."

ಅಷ್ಟು ವರ್ಷ ಆ ಹಾಡಿನ ಕಥೆಗೆ ವೆರ್ನಾಳೂ ನಕ್ಕಿದ್ದಳು. ಅವನ ಒದ್ದೆ ಬೆನ್ನ ಮೇಲೆ ಕೈಯಿಟ್ಟಳು. "ಇಳಿಯೋಣ ಬಾ," ಅಂದಳು.

ಇಳಿದವನು ಕಿಟಕಿಗಳಿಗೆ ಹಲಗೆ ಬಡಿದ. ವೆರ್ನಾ ಮಾತ್ರೆ, ಮನೆಯ ಕಾಗದಪತ್ರ, ಕುಡಿಯುವ ನೀರು, ಒಂದಿಷ್ಟು ರೊಟ್ಟಿ ಕಟ್ಟಿಕೊಂಡಳು. ಆಲ್ಸೀಡ್ ಬೇಲಿ ದಾಟಿ ಹೋಗಿ ಅಜ್ಜಿಯ ಬಾಗಿಲಲ್ಲಿ ನಿಂತ.

"ಹೊರಡು ಅಜ್ಜಿ."

"ನಿನ್ನ ಹತ್ರ ಕೊಡಲಿ ಇದೆಯಲ್ಲೋ?"

"ಇದೆ. ಹತ್ತೋಕೆ ನಿಂಗೆ ಕಾಲಿಲ್ಲ, ಬೀಸೋಕೆ ನಂಗೆ ಜಾಗ ಇಲ್ಲ. ಟ್ರಕ್ ಹತ್ತು."

"ನನ್ನ ಬೆಕ್ಕು?"

"ಅದನ್ನೂ ಎತ್ಕೋ. ನಿಂಗಿಂತ ಅದೇ ಮಾತು ಕೇಳುತ್ತೆ."

ಬೆಳಕಿರುವಾಗಲೇ ಹೊರಟರು. ಗಾಡಿಗಳ ಸಾಲು ಇರುವೆಯ ಹಾಗೆ ತೆವಳುತ್ತಿತ್ತು, ಬೆಕ್ಕು ದಾರಿಯುದ್ದಕ್ಕೂ ಕೂಗಿತು, ಅಜ್ಜಿ ಎಲ್ಲರನ್ನೂ ಬೈದಳು. ವೆರ್ನಾ ಹಿಂದಕ್ಕೆ ತಿರುಗಿ ತಿರುಗಿ ಆಕಾಶ ನೋಡುತ್ತಿದ್ದಳು.

ಆ ಚಂಡಮಾರುತ ಪೂರ್ವಕ್ಕೆ ತಿರುಗಿಬಿಟ್ಟಿತು. ಊರಿಗೆ ಒಂದು ಹನಿಯೂ ಬೀಳಲಿಲ್ಲ. ದೋಣಿ ಕಟ್ಟಿಹಾಕುವ ಕಡೆ, ಊರು ಬಿಡದೆ ಉಳಿದಿದ್ದವರೆಲ್ಲ ಆಲ್ಸೀಡನನ್ನು ಹಿಡಿದು ಆಡಿಕೊಂಡರು, "ಬಂದ್ಯಾ ವೀರ, ಗಾಳಿ ಜೋರಿತ್ತಾ?" ಅವನು ಬಲೆ ಬಿಡಿಸುತ್ತಲೇ ಇದ್ದ.

ಮರುವರ್ಷ ಬಂದದ್ದು ತಿರುಗಲಿಲ್ಲ. ಮೈಕಿನ ಕಾರು ಬರುವ ಮೊದಲೇ ಆಲ್ಸೀಡ್ ಅಜ್ಜಿಯನ್ನು ಟ್ರಕ್ಕಿಗೆ ಹತ್ತಿಸಿದ್ದ. ವಾರಗಳ ನಂತರ ವಾಪಸು ಬಂದಾಗ ಮನೆಯಿದ್ದ ಕಡೆ ಸಿಮೆಂಟಿನ ಮೆಟ್ಟಿಲು ಮಾತ್ರ ಇತ್ತು. ಅಟ್ಟವೂ ಇಲ್ಲ, ಗೋಡೆಯೂ ಇಲ್ಲ. ನೋಲಿಯಾ ಅಜ್ಜಿ ಆ ಮೆಟ್ಟಿಲ ಮೇಲೆ ಕೂತು ಮಂಡಿ ನೋವೆಂದು ಬೈಯತೊಡಗಿದಳು. ಆ ಬೈಗುಳ ಕೇಳುತ್ತಾ ವೆರ್ನಾ ಬಿಕ್ಕಿಬಿಕ್ಕಿ ಅತ್ತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಕಡಲ ಕರೆಯಲ್ಲೋ ಹೊಳೆಯ ದಂಡೆಯಲ್ಲೋ ಇದ್ದರೆ ಹೊರಡಿ ಅಂದ ದಿನವೇ ಹೊರಡಿ. ಗಾಳಿ ತಿರುಗಿ ಹೋದರೆ ನಗುವವರು ನಗಲಿ, ನಿಮ್ಮದೇನೂ ಹೋಗುವುದಿಲ್ಲ. ಊರಿನಲ್ಲಿ ಹಳೆಯ ನೆರೆಯ ಕಥೆ ಹೇಳುವ ಸಭೆ ನಡೆದರೆ ಹೋಗಿ ಕೂತು ಕೇಳಿ, ನಗಿಸುವ ಭಾಗ ಮುಗಿದ ಕೂಡಲೇ ಎದ್ದು ಬರಬೇಡಿ. ಎಲ್ಲಿಗೆ ಹೋಗುವುದು, ಯಾವ ದಾರಿಯಲ್ಲಿ ಹೋಗುವುದು ಎಂದು ಇವತ್ತೇ ಮನೆಯವರ ಜೊತೆ ಮಾತಾಡಿಕೊಳ್ಳಿ. ಗಾಡಿ ಇಲ್ಲದವರು ನಿಮ್ಮ ಬೀದಿಯಲ್ಲಿ ಯಾರಿದ್ದಾರೆ ಎಂದು ಯೋಚಿಸಿ. ಅವರು ಹೊರಡುವುದು ನೀವು ಹೊರಟರೆ ಮಾತ್ರ.