ಹುಳುವಿನ ಬುಡ

ಅಕ್ಕನ ಹೆಣ ಮಲಗಿಸಿದ್ದ ಟ್ರ್ಯಾಕ್ಟರ್ ಊರ ನಡುವಿನ ವೃತ್ತಕ್ಕೆ ತಿರುಗುವಷ್ಟರಲ್ಲಿ ಕ್ರೇನಿನವನು ಅಲ್ಲಿನ ಹುಳುವಿನ ಪ್ರತಿಮೆಯ ಹೊಟ್ಟೆಗೆ ಸರಪಳಿ ಬಿಗಿದು ಮುಗಿಸಿದ್ದ. ಅಕ್ಕನ ತಲೆಯ ಬಳಿ ಕೂತಿದ್ದ ಮುದಿ ಕಮ್ಮಾರ ಅದನ್ನು ಕಂಡವನೇ ದಡಬಡ ಇಳಿದ. ಎಪ್ಪತ್ತೆರಡರ ಮಂಡಿಗಳು ಕಟಕಟ ಎಂದವು.

"ಏನ್ರೀ ಅಧ್ಯಕ್ಷರೇ, ಇವತ್ತೇ ಬೇಕಿತ್ತಾ?"

ಪುರಸಭೆಯ ಅಧ್ಯಕ್ಷ ಗಡಿಯಾರ ನೋಡಿಕೊಂಡ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಕ್ರೇನು ಸಿಕ್ಕಿದ್ದೇ ಇವತ್ತು. ಬೇರೆ ಊರಲ್ಲಿ ಕುದುರೆ ಮೇಲೆ ರಾಜ ಇರ್ತಾನೆ, ನಮ್ಮೂರಲ್ಲಿ ಹುಳ! ಬಂದೋರೆಲ್ಲ ನಗ್ತಾರೆ. ಗೋದಾಮಿನ ಹಿಂದೆ ಇಡಿಸ್ತೀನಿ. ಹತ್ತೇ ನಿಮಿಷ."

"ಒಂದು ವರ್ಷ ನಿಮ್ಮ ಆಫೀಸಿನ ಮೆಟ್ಟಿಲು ಸವೆಸಿದ್ಲು ನಮ್ಮಕ್ಕ. ಮೊನ್ನೆ ನನ್ನ ಕೈ ಹಿಡ್ಕೊಂಡು, ಹುಳ ಅಲ್ಲೇ ಇರ್ಲಿ ಕಣೋ ಅಂದ್ಲು. ಅದೇ ಅವಳ ಕೊನೇ ಮಾತು."

ಅಧ್ಯಕ್ಷ ನೆಲ ನೋಡಿದ. ಆದರೆ ಕ್ರೇನಿನವನಿಗೆ ನಿಲ್ಲು ಎನ್ನಲಿಲ್ಲ. ಕಮ್ಮಾರ ಸಿಟ್ಟಿನಿಂದ ಹುಳುವಿನತ್ತ ನಡೆದ. ಆಳೆತ್ತರದ ಕಬ್ಬಿಣದ ಹುಳು. ಆರು ಕಾಲು, ಮೊಳದುದ್ದದ ಸೊಂಡಿಲು, ಕಾಗೆಗಳು ಕೂತು ಕೂತು ಬೆಳ್ಳಗಾದ ಬೆನ್ನು. ಅವನ ಕೈಯ ಕೆಲಸವೇ ಅದು.

* * *

ನಲವತ್ತೈದು ವರ್ಷದ ಹಿಂದೆ ಇಂಥ ಹುಳುಗಳು ಹತ್ತಿಕಾಯಿಗೆ ಸೊಂಡಿಲು ತೂರಿಸಿ, ಸಾಲಾಗಿ ಮೂರು ಬೆಳೆ ನುಂಗಿ ನೀರು ಕುಡಿದಿದ್ದವು. ಹತ್ತಿ ಬಿಟ್ಟರೆ ಬೇರೆ ಗೊತ್ತಿಲ್ಲದ ಊರು ಅದು. ಹತ್ತಿ ಒತ್ತುವ ಕಾರ್ಖಾನೆಗೆ ಬೀಗ ಬಿತ್ತು, ಒಲೆಗಳು ಒಂದೊಂದೇ ಆರಿದವು. ಆಗ ಅಕ್ಕ ಹತ್ತಿಯನ್ನೆಲ್ಲ ಕಿತ್ತೆಸೆದು ಕಡಲೆಕಾಯಿ ಬಿತ್ತಿದಳು. ಅವಳಿಗೆ ತಲೆ ಕೆಟ್ಟಿದೆ ಎಂದು ಮೊದಲು ನಕ್ಕವನು ಈ ತಮ್ಮನೇ. ಕೊಯ್ಲಿನ ದಿನ ಅವಳು ಒಂದು ಗಿಡ ಹಿಡಿದು ಜಗ್ಗಿದಾಗ ಗೊಂಚಲು ಗೊಂಚಲಾಗಿ ಕಾಯಿ ಬಂದವು. ಮರುವರ್ಷ ಇಡೀ ಊರು ಬೀಜಕ್ಕೆ ಅವಳ ಬಾಗಿಲಲ್ಲಿ ನಿಂತಿತು. ಅಕ್ಕ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ.

ಅವಳ ಪ್ರತಿಮೆ ನಿಲ್ಲಿಸುತ್ತೇವೆ ಎಂದು ಊರವರು ಬಂದರೆ, "ನಾನ್ಯಾಕೆ? ಆ ಹುಳ ಬರದಿದ್ರೆ ಇನ್ನೂ ಹತ್ತಿಗೇ ಜೋತು ಬಿದ್ದಿರ್ತಿದ್ವಿ. ಅದನ್ನೇ ನಿಲ್ಸಿ," ಎಂದಳು.

ಹುಳು ಮಾಡುವ ಕೆಲಸ ತಮ್ಮನ ಪಾಲಿಗೆ ಬಂತು. ತನಗೆ ಕೆಲಸ ಕೊಡುತ್ತಿದ್ದ ಕಾರ್ಖಾನೆ ಮುಚ್ಚಿದ ಸಿಟ್ಟು ಅವನಿಗೆ ಇನ್ನೂ ಆರಿರಲಿಲ್ಲ. ಮೂರಾಳುದ್ದದ ಗುಂಡಿ ತೋಡಿಸಿ, ಅಲ್ಲಿನ ಹತ್ತಿ ಒತ್ತುವ ಯಂತ್ರವನ್ನೇ ಇಡಿಯಾಗಿ ಹೂತು, ಹುಳುವಿನ ಆರೂ ಕಾಲುಗಳನ್ನು ಅದಕ್ಕೇ ಬೆಸೆದುಬಿಟ್ಟ. ಅಕ್ಕ ತಲೆ ತಲೆ ಚಚ್ಚಿಕೊಂಡಳು.

"ಅಷ್ಟು ಕಬ್ಬಿಣದಲ್ಲಿ ಊರಿಗೆಲ್ಲ ನೇಗಿಲು ಮಾಡಬಹುದಿತ್ತಲ್ಲೋ, ದಂಡಪಿಂಡ! ಇದನ್ನ ಯಾರು ಹೊತ್ಕೊಂಡು ಹೋಗ್ತಾರೆ ಅಂತ?"

* * *

ಆ ಬೈಗುಳ ನೆನಪಾಗಿ ಕಮ್ಮಾರನ ಮೀಸೆ ಅಲುಗಿತು. ಸಿಟ್ಟು ಎಲ್ಲಿ ಹೋಯಿತೋ.

"ಸರಿ, ಎತ್ತಪ್ಪಾ," ಎಂದ ಕ್ರೇನಿನವನಿಗೆ.

ಟ್ರೇಲರಿನ ಮೇಲಿಂದ ಅಕ್ಕನ ಮಗಳು ಕೂಗಿದಳು. "ಮಾವ! ಅಮ್ಮನ ಎದುರಿಗೇನಾ?"

"ನೀನು ಸುಮ್ನಿರು. ಅಮ್ಮನ ತಲೆ ಚೂರು ಎತ್ತಿ ಹಿಡಿ, ಅವಳೂ ನೋಡ್ಲಿ."

ಕ್ರೇನು ಗುಟುರು ಹಾಕಿತು. ಸರಪಳಿ ಬಿಗಿಯಿತು. ಹುಳು ಕದಲಲಿಲ್ಲ. ಇಂಜಿನ್ನು ಇನ್ನಷ್ಟು ಅರಚಿತು, ಹೊಗೆ ಕಾರಿತು. ಹುಳು ಜಪ್ಪಯ್ಯ ಅನ್ನಲಿಲ್ಲ. ಕ್ರೇನಿನ ಹಿಂದಿನ ಗಾಲಿಗಳೇ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದವು.

"ಸಾರ್, ಇದರ ಬುಡ ಎಲ್ಲಿದೆ ಸಾರ್?" ಕ್ರೇನಿನವನು ಸೀಟು ಹಿಡಿದುಕೊಂಡು ಕೂಗಿದ.

"ಅಕ್ಕನ್ನ ಕೇಳು," ಎಂದ ಕಮ್ಮಾರ.

ಯಾರೋ ಕಿಸಕ್ಕೆಂದರು. ಮರುಕ್ಷಣ ಸಾವಿಗೆ ಬಂದ ಇಡೀ ಊರು ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ತಟ್ಟಿತು. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದ ಮಗಳೂ ಸೆರಗು ಬಾಯಿಗಿಟ್ಟು ನಕ್ಕಳು. ಕಮ್ಮಾರನ ಎದೆ ಉಬ್ಬಿ ಬಂತು, ಕಣ್ಣೂ ತುಂಬಿ ಬಂತು.

ಅಧ್ಯಕ್ಷ ಬೆವರು ಒರೆಸಿಕೊಂಡ. "ಇರ್ಲಿ ಬಿಡಿ ಯಜಮಾನ್ರೇ, ಅಲ್ಲೇ ಇರ್ಲಿ. ಏಯ್, ಇಳಿಸಿ ಸರಪಳಿ ಬಿಚ್ಚೋ!"

"ಇಳಿಸ್ತೀನಿ ಸಾರ್. ಮೊದಲು ಅಮ್ಮ ಹೋಗ್ಲಿ," ಎಂದ ಕ್ರೇನಿನವನು.

ಟ್ರ್ಯಾಕ್ಟರ್ ಹುಳುವನ್ನು ಬಳಸಿಕೊಂಡು ನಿಧಾನ ಸಾಗಿತು. ಓರೆಯಾದ ಸೀಟಿನಲ್ಲಿ ಜಾರದಂತೆ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದ ಕ್ರೇನಿನವನು ಇನ್ನೊಂದು ಕೈಯಲ್ಲಿ ಟೋಪಿ ತೆಗೆದ. ಹಿಂದಿನ ಗಾಲಿಗಳನ್ನು ಗಾಳಿಯಲ್ಲಿ ಬಿಟ್ಟು, ಮೂತಿಯನ್ನು ನೆಲಕ್ಕೆ ಬಾಗಿಸಿ, ಅಕ್ಕ ದಾಟುವವರೆಗೂ ಕ್ರೇನು ಹಾಗೇ ನಿಂತಿತ್ತು.