ಸೊಸೆಯ ತೋಳು, ಮಾವನ ಕೆಮ್ಮು

ಅಕ್ಕ ತಾರವ್ವನನ್ನು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಗೆ ಕೊಟ್ಟಾಗ ನಮ್ಮೂರು ಪಾಲಬಾವಿಯಲ್ಲಿ ಎಲ್ಲರೂ ಅವ್ವನ ಪುಣ್ಯ ದೊಡ್ಡದು ಅಂದರು. ಎಮ್ಮೆ ಕಟ್ಟಿಕೊಂಡು ಬದುಕುವವರ ಮಗಳು ಅಂಥ ಮನೆ ಸೇರಿದಳಲ್ಲ ಎಂದು. ಅದೇ ಅಕ್ಕ ಎಂಬತ್ತೊಂಬತ್ತರ ಚಳಿಗಾಲದಲ್ಲಿ ಒಂದು ಬಟ್ಟೆಗಂಟು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ಕಂಕುಳಲ್ಲಿ ಕೂಸಿರಲಿಲ್ಲ. ಎದೆಹಾಲು ಕುಪ್ಪಸವನ್ನು ತೋಯಿಸಿತ್ತು.

"ಕೂಸೆಲ್ಲೇ?" ಅಂದಳು ಅವ್ವ.

"ಅವರ ಇಟಗೊಂಡಾರ. ನನಗ ಟಿ.ಬಿ. ಐತಂತ. ಸೂಜಿ ಹಾಕಿದ ಕೈ ನೋಡಿ ಹೇಳಿದ್ರು."

ಮೊಣಕೈ ಕೆಳಗೆ ಚರ್ಮ ಸುಲಿದು, ಕೆಂಪಗೆ ಉಬ್ಬಿ, ನೀರು ತುಂಬಿಕೊಂಡಿತ್ತು. ನಾನು ಎಮ್ಮೆಗಳ ಹಿಂದೆ ತಿರುಗಿದವಳು. ಸೂಜಿ ಚುಚ್ಚಿದ್ದಕ್ಕೂ ಸುಟ್ಟದ್ದಕ್ಕೂ ಇರುವ ಅಂತರ ನನ್ನ ಕಣ್ಣಿಗೂ ಕಾಣುತ್ತಿತ್ತು.

ಆದದ್ದಿಷ್ಟು. ಅಕ್ಕನಿಗೆ ಕೆಮ್ಮು ಹತ್ತಿತ್ತು. ದವಾಖಾನೆಯಲ್ಲಿ ಕಫದ ಡಬ್ಬಿ ಕೊಟ್ಟರು. ಟಿ.ಬಿ. ಪರೀಕ್ಷೆಗೆಂದು ಕೈಗೆ ಚರ್ಮದಡಿ ಒಂದು ಸಣ್ಣ ಸೂಜಿ ಹಾಕಿ, ಎರಡು ದಿನ ಬಿಟ್ಟು ಬರ್ರಿ, ಏನೂ ಹಚ್ಚಬ್ಯಾಡ್ರಿ ಎಂದು ಹೇಳಿ ಕಳಿಸಿದರು. ಮಾರನೆಯ ದಿನ ಅಲ್ಲಿ ಚೂರು ಬಾತಿತು. ಅತ್ತೆ ಶಿವಗಂಗವ್ವ ಎಲ್ಲಿ ಬಾತರೂ ಮಾಡುವಂತೆ ಸುಣ್ಣ ಬೆಲ್ಲ ಕಲಸಿ ಮೆತ್ತಿ ಬಟ್ಟೆ ಕಟ್ಟಿದಳು. ಬಿಚ್ಚಿದಾಗ ತೋಳು ಹೀಗಾಗಿತ್ತು. ಅದನ್ನು ಓಣಿಯವರಿಗೆಲ್ಲ ತೋರಿಸಿ, "ನೋಡ್ರಿ, ರೋಗ ಎಷ್ಟು ದೊಡ್ಡದೈತಿ" ಅಂದಳಂತೆ. ದವಾಖಾನೆಗೆ ತಿರುಗಿ ಹೋಗುವ ಮಾತೇ ಬರಲಿಲ್ಲ. ಕೂಸನ್ನು ಕಿತ್ತುಕೊಂಡು ಅಕ್ಕನನ್ನು ಬಸ್ಸು ಹತ್ತಿಸಿದರು.

ಮರುದಿನ ನಾನೇ ಅಕ್ಕನನ್ನು ಕರೆದುಕೊಂಡು ಅದೇ ದವಾಖಾನೆಗೆ ಹೋದೆ. ಪರಿಚಯವಿಲ್ಲದವರ ಎದುರು ನನಗೆ ಬಾಯಿ ಏಳುವುದಿಲ್ಲ. ಅಕ್ಕನ ಸೆರಗಿನ ಹಿಂದೆಯೇ ನಿಂತಿದ್ದೆ. ಲ್ಯಾಬಿನ ಧೂಳಪ್ಪನವರು ತೋಳು ನೋಡಿದವರೇ ಸಿಡಿದರು.

"ಯಾರು ಹಚ್ಚಿದ್ರಿದು? ಸುಣ್ಣಾ ಬೆಲ್ಲಾ ಹಚ್ಚಿದ್ರ ಕಲ್ಲೂ ಬಾತೀತು! ಇದರಾಗ ನಾ ಏನ್ ನೋಡ್ಲಿ?"

"ಬಾತ್ರ ಟಿ.ಬಿ. ಅಂತಲ್ರೀ?" ಅಕ್ಕ ಮೆಲ್ಲಗೆ ಕೇಳಿದಳು.

"ಯಾವ ಶಾಣ್ಯಾ ಹೇಳಿದವ? ಆ ಜಂತು ಯಾವಾಗರೇ ಮೈಯಾಗ ಹೊಕ್ಕಿದ್ರ ಮೈಗೆ ಅದರ ಗುರುತು ಇರತೈತಿ. ಸೂಜಿ ಹಾಕಿದ್ರ ಗುರುತು ಹಿಡಿದು ಬಾತುಕೊಂತೈತಿ. ಅಷ್ಟಕ್ಕ ರೋಗ ಬಂದಂಗಲ್ಲ ತಂಗಿ. ನನ್ನ ಕೈಗೆ ಹಾಕಿದ್ರ ನಂದೂ ಬಾತೈತಿ. ನನ್ನೂ ತವರಮನಿಗೆ ಕಳಸ್ತಾರೇನು?"

ಅಕ್ಕನ ಮುಖದಲ್ಲಿ ಸಣ್ಣ ನಗೆ ಬಂದು ಹೋಯಿತು. ಅವರು ಹೊಸ ಡಬ್ಬಿ ಕೊಟ್ಟರು. ಅಕ್ಕ ಆಚೆ ಹೋಗಿ ಬಾಯಿ ಮುಕ್ಕಳಿಸಿ ತುಂಬಿ ತಂದದ್ದನ್ನು ಬೆಳಕಿಗೆ ಹಿಡಿದರು.

"ಇದು ಉಗುಳವ್ವಾ. ಕಫ ಎದಿಯಾಗಿಂದ ಬರಬೇಕು. ಹೊರಗ ಗಾಳ್ಯಾಗ ನಿಂತು ಜೋರಾಗಿ ಕೆಮ್ಮು."

ದವಾಖಾನೆಯ ಹಿಂದೆ ಬೇವಿನ ಗಿಡದ ಕೆಳಗೆ ಅಕ್ಕ ಡಬ್ಬಿ ಹಿಡಿದು ನಿಂತೇ ಇದ್ದಳು. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕುತ್ತಿದ್ದಳು. ಆ ಮನೆಯಲ್ಲಿ ಸೊಸೆ ಕ್ಯಾಕರಿಸಿದ್ದು ಮಾವನ ಕಿವಿಗೆ ಬೀಳಬಾರದು.

"ಇಲ್ಲಿ ನಿಮ್ಮ ಮಾವ ಇಲ್ಲಬೇ ಅಕ್ಕಾ. ಕೆಮ್ಮು!" ಅಂದೆ.

ಆಗ ಕೆಮ್ಮಿದಳು. ಗಿಡದ ಮೇಲಿನ ಕಾಗೆ ಹಾರಿಹೋಗುವಂತೆ ಕೆಮ್ಮಿದಳು.

ಮಾರನೆಯ ದಿನ ಮನೆಯಿಂದ ಬೆಳಗಿನ ಕಫವನ್ನೂ ತಂದು ಕೊಟ್ಟೆವು. ಎಲ್ಲವನ್ನೂ ನೋಡಿದ ಮೇಲೆ ಧೂಳಪ್ಪನವರು ನಮ್ಮನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ಎರಡು ಗಾಜು ತೋರಿಸಿದರು. ಮೊದಲನೆಯದು ಟಿ.ಬಿ. ಇದ್ದ ಇನ್ನಾರದೋ. ನೀಲಿಯ ನಡುವೆ ಕೆಂಪು ಕಡ್ಡಿಗಳು, ಕತ್ತರಿಸಿದ ದಾರದ ಚೂರಿನಂತೆ. ಅಕ್ಕನದರಲ್ಲಿ ಬರೀ ನೀಲಿ. ಡಾಕ್ಟರರು ಎದೆ ನೋಡಿ, ದ್ರಾಕ್ಷಿ ಬಳ್ಳಿಗೆ ಗಂಧಕದ ಪುಡಿ ಯಾರು ಉದುರಿಸುತ್ತಾರೆ ಎಂದು ಕೇಳಿದರು. ಅಕ್ಕನೇ. ಬಳ್ಳಿಗೆ ಬೂದಿರೋಗ ಬಂದಾಗಿನಿಂದ ದಿನವೂ ಬರಿಗೈಯಲ್ಲಿ, ಬರಿಮುಖದಲ್ಲಿ. ಅವರ ಹಣ್ಣು ಉಳಿಸಲು ಹೋಗಿ ಕೆಮ್ಮು ತಂದುಕೊಂಡವಳನ್ನು ಅವರು ರೋಗಿಷ್ಠೆ ಎಂದು ಹೊರಗೆ ಹಾಕಿದ್ದರು.

"ಮನ್ಯಾಗ ಮತ್ಯಾರರೇ ಕೆಮ್ಮತಾರೇನು?" ಧೂಳಪ್ಪನವರು ಕೇಳಿದರು.

ಅಕ್ಕ ನೆಲ ನೋಡಿದಳು. "ಮಾವಾರು. ಮಳಿಗಾಲದಿಂದ."

"ಅವರ ಕಫ ನೋಡಿಲ್ಲ? ಕೂಸಿರೋ ಮನಿ!" ಎಂದು ಇನ್ನೊಂದು ಡಬ್ಬಿ ನನ್ನ ಕೈಗೆ ಕೊಟ್ಟರು.

ಅಲ್ಲಿಂದ ನೇರ ಬೀಗರ ಮನೆಗೆ ಹೋದೆವು. ಮಾವ ವಿರುಪಾಕ್ಷಪ್ಪ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ತೊಡೆಯ ಮೇಲೆ ಕೂಸು. ಅವರು ಕೆಮ್ಮಿ ಟಾವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಅದೇ ಟಾವೆಲ್ಲಿನಿಂದ ಕೂಸಿನ ಜೊಲ್ಲು ಒರೆಸಿದರು.

"ರೋಗ ಇಲ್ಲಂತ್ರಿ ಅತ್ತಿ, ಕಫಾ ನೋಡಿ ಹೇಳಿದ್ರು. ಕೂಸಿನ ಕೊಡ್ರಿ," ಅಂದಳು ಅಕ್ಕ.

ಶಿವಗಂಗವ್ವ ಹೊಸ್ತಿಲಲ್ಲೇ ನಿಂತಳು. "ಅವರೇನ್ ಹೇಳ್ತಾರ? ಕೈ ನೋಡ್ಕೊ! ಸುಳ್ಳಂದ್ರ ಊರಿಗೆ ಊರ ನೋಡೇತಿ. ನಮ್ಮ ವಂಶದ ಕುಡಿ ಅದು, ರೋಗಿಷ್ಠಿ ಕೈಯಾಗ ಕೊಡೂದಿಲ್ಲ."

ಅಕ್ಕನ ಗಂಡ ಮುರಗೆಪ್ಪ ಪಕ್ಕದಲ್ಲೇ ದ್ರಾಕ್ಷಿಯ ಕತ್ತರಿ ಮಸೆಯುತ್ತಿದ್ದ. ತಲೆ ಎತ್ತಲಿಲ್ಲ.

ನಾನು ಸೆರಗಿನ ಹಿಂದಿನಿಂದ ಬಂದು ಡಬ್ಬಿಯನ್ನು ವಿರುಪಾಕ್ಷಪ್ಪನವರ ಮುಂದಿಟ್ಟೆ. "ಕಾಕಾರ, ನಿಮ್ಮ ಕಫಾನೂ ನೋಡಬೇಕಂತ್ರಿ."

"ಏ ಮೂಳಿ!" ಶಿವಗಂಗವ್ವ ಕಿರುಚಿದಳು. "ಎಮ್ಮಿ ಕಾಯೋಕಿ ನೀ, ನಮ್ಮ ಯಜಮಾನ್ರಿಗೆ ಡಬ್ಬಿ ಹಿಡೀತಿ?"

ಅವರು ಮಾತ್ರ ನಕ್ಕರು. "ಹುಚ್ಚ ಹುಡುಗಿ. ಈ ಮನಿ ಗಂಡಸರು ಡಬ್ಬ್ಯಾಗ ಉಗುಳೂದಿಲ್ಲವ್ವಾ."

"ಹಂಗಾರ ಕೂಸಿನ ಮ್ಯಾಲೂ ಉಗುಳಬ್ಯಾಡ್ರಿ!"

ಅಷ್ಟು ಜೋರಾಗಿ ನಾನೇ ಅಂದದ್ದೆಂದು ನನಗೇ ನಂಬಿಕೆಯಾಗಲಿಲ್ಲ. ಕತ್ತರಿ ಮಸೆಯುವ ಸದ್ದು ನಿಂತಿತು. ವಿರುಪಾಕ್ಷಪ್ಪ ಏನೋ ಹೇಳಲು ಬಾಯಿ ತೆರೆದರು. ಕೆಮ್ಮು ನುಗ್ಗಿತು, ಬಿಡಲೇ ಇಲ್ಲ. ಬಗ್ಗಿ ಕೆಮ್ಮುತ್ತಿದ್ದ ಅವರ ತೊಡೆಯಿಂದ ಅಕ್ಕ ಕೂಸನ್ನು ಎತ್ತಿಕೊಂಡಳು. ಯಾರನ್ನೂ ಕೇಳಲಿಲ್ಲ. ಶಿವಗಂಗವ್ವ ಶಪಿಸುತ್ತ ಅಂಗಳದವರೆಗೆ ಬಂದಳು, ಆದರೆ ಗಂಡನನ್ನು ಹಿಡಿದುಕೊಳ್ಳಲು ತಿರುಗಬೇಕಾಯಿತು.

ಬಸ್ಸು ನಿಲ್ಲುವಲ್ಲಿಗೆ ಮುರಗೆಪ್ಪ ಏದುಸಿರು ಬಿಡುತ್ತ ಓಡಿ ಬಂದ.

"ತಾರಾ, ಹಿಂಗ ಹೋದ್ರ ಹೆಂಗ? ಮಂದಿ ಏನಂದಾರು? ಕೂಸಿನ ಕೊಡು, ಅಪ್ಪಾಗ ನಾ ತಿಳಿಸಿ ಹೇಳ್ತೀನಿ."

ಬೀದಿಯಲ್ಲಿ ಗಂಡನ ಮುಖ ನೋಡಿ ಮಾತಾಡಿದವಳಲ್ಲ ನನ್ನ ಅಕ್ಕ. ಆವತ್ತು ನೋಡಿದಳು.

"ಕೈ ಸುಟ್ಟಾಗ ನೀವೂ ಅಲ್ಲೇ ಇದ್ರಿ. ಬಾಯಿ ಬಿಡಲಿಲ್ಲ. ಈಗ ನಿಮ್ಮಪ್ಪನ ಕಫ ತಗೊಂಡು ದವಾಖಾನಿಗೆ ಬರ್ರಿ. ನಾವೂ ಅಲ್ಲೇ ಹೊಂಟೀವಿ, ಕೂಸಿನ ತೋರಸಾಕ."

"ಅಪ್ಪ ಒಪ್ಪಲಿಲ್ಲಂದ್ರ?"

"ಅವರು ಒಪ್ಪೂತನಕ ಈ ಕೂಸು ನಿಮ್ಮ ಕಟ್ಟಿ ಹತ್ತೂದಿಲ್ಲ."

ಬಸ್ಸು ಬಂತು. ಅಕ್ಕ ಕಿಟಕಿ ಪಕ್ಕ ಕೂತು, ಸೆರಗು ಮರೆಮಾಡಿ ಕೂಸಿಗೆ ಹಾಲು ಕೊಟ್ಟಳು. ಮುರಗೆಪ್ಪ ಧೂಳಿನಲ್ಲಿ ನಿಂತಿದ್ದ. ಬಸ್ಸು ಹೊರಟ ಮೇಲೆ ತಿರುಗಿ ಮನೆಯ ಕಡೆ ನಡೆಯತೊಡಗಿದ. ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ. ನಾನಿಟ್ಟ ಡಬ್ಬಿ ಇನ್ನೂ ಅವನಪ್ಪನ ಮುಂದೆ ಆ ಕಟ್ಟೆಯ ಮೇಲೆಯೇ ಇತ್ತು.