ಹಸಿರು ಸುತ್ತು

ಜಯಾ ಗೇಟನ್ನು ಭುಜದಿಂದ ನೂಕಿದಳು. ಅದು ಅಲುಗಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಹಿಂದೆ ರಸ್ತೆಯಲ್ಲಿ ವ್ಯಾನಿನ ಬಾಗಿಲು ತೆರೆದೇ ಇತ್ತು. ಒಳಗೆ ಅವಳ ಅವ್ವ ತಂಗೆವ್ವ ಕಾಲು ಮಡಿಸಿ ಕೂತಿದ್ದಳು. ಬೆಳಿಗ್ಗೆ ಪ್ರಾಣ ಹೋದ ಕೂಡಲೇ, ಮೈ ಬಿಗಿಯುವ ಮೊದಲೇ, ಸೋದರಮಾವ ಭೀಮಪ್ಪ ಆಸ್ಪತ್ರೆಯಲ್ಲಿ ಅವಳನ್ನು ಹಾಗೆ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆ ಕಟ್ಟಿದ್ದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮನೆಯಲ್ಲಿ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣಿಗೆ ಒಪ್ಪಿಸುತ್ತಾರೆ.

"ಇಲ್ಲಿಂದ್ಲೇ ತಗೊಂಡ್ಹೋಗ್ಬಿಡಮ್ಮ," ಎಂದರು ಮನೆ ಓನರ್ ಮೀನಾಕ್ಷಮ್ಮ, ಗೇಟಿನ ಒಳಗೆ ಸೆರಗನ್ನು ಮೂಗಿಗೆ ಹಿಡಿದು. "ತಪ್ಪು ತಿಳ್ಕೋಬೇಡ. ಮೊಮ್ಮಕ್ಕಳಿರೋ ಮನೆ. ನಿಮ್ಮಮ್ಮಂಗೆ ಟಿ.ಬಿ. ಇತ್ತು. ಸಾಲದ್ದಕ್ಕೆ ಕ್ರಿಮಿ ಸಾಕೋ ಲ್ಯಾಬ್‌ನಲ್ಲಿ ಕೆಲಸ. ಮತ್ತೆ ಬಂದಿರುತ್ತೆ, ಇನ್ನೇನು?"

ವ್ಯಾನಿನ ಜೊತೆ ಬಂದಿದ್ದ ಶಿಲ್ಪಶ್ರೀ ಮುಂದೆ ಬಂದಳು. ತಂಗೆವ್ವ ಗಾಜಿನ ಸಾಮಾನು ತೊಳೆಯುತ್ತಿದ್ದ ಆ ಲ್ಯಾಬಿನ ವಿಜ್ಞಾನಿ ಅವಳು. "ಜಯಾ, ಸರ್ಟಿಫಿಕೇಟ್ ತೋರ್ಸು. ಹಾರ್ಟ್ ಅಟ್ಯಾಕ್ ಅಂತ ಕ್ಲಿಯರಾಗಿ ಬರ್ದಿದಾರೆ."

"ತೋರ್ಸಲ್ಲ ಮೇಡಂ," ಎಂದಳು ಜಯಾ. "ಟಿ.ಬಿ.ನೇ ಆಗಿದ್ರೆ? ಆಗ ಅವ್ವಂಗೆ ಸ್ನಾನ ಬೇಡ್ವಾ?"

ಭೀಮಪ್ಪ ಅವಳ ತೋಳು ಹಿಡಿದ. "ಜಗಳ ಬ್ಯಾಡ ಯವ್ವಾ. ಸೀದಾ ರುದ್ರಭೂಮಿಗೆ ಒಯ್ಯೂಣು. ಅಲ್ಲೇ ನಾಕ ತಂಬಿಗಿ ನೀರು ಹಾಕಿದ್ರಾತು."

"ಎಂಟು ವರ್ಷದ ಹಿಂದನೂ ನೀ ಇದನ್ನ ಅಂದಿದ್ದಿ ಮಾಮಾ," ಎಂದಳು ಜಯಾ. "ಜಗಳ ಬ್ಯಾಡ, ಸುಮ್ನ ಹೋಗೂಣು ಅಂತ."

*

ಆಗ ಅವರಿದ್ದದ್ದು ತಿಲಕ್ ನಗರದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವ್ವನಿಗೆ ಕೆಮ್ಮು ಶುರುವಾಗಿ, ಕಫದಲ್ಲಿ ರಕ್ತ ಕಂಡು, ಸರ್ಕಾರಿ ಆಸ್ಪತ್ರೆಯವರು ಆರು ತಿಂಗಳ ಗುಳಿಗೆ ಬರೆದುಕೊಟ್ಟರು. ಅವ್ವ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು. ಕಳ್ಳತನ ಮಾಡಿದವಳ ಹಾಗೆ ಗೋಡೆಗೆ ಮುಖ ಮಾಡಿ ನುಂಗುತ್ತಿದ್ದಳು.

ಆದರೂ ವಠಾರಕ್ಕೆ ಗೊತ್ತಾಯಿತು. ಮೊದಲು ನಲ್ಲಿ ಮುಟ್ಟಬೇಡ ಎಂದರು. ಆಮೇಲೆ ಮನೆಯನ್ನೇ ಖಾಲಿ ಮಾಡಿ ಎಂದರು. ಭೀಮಪ್ಪ ಗಾಡಿ ತಂದ. ಹಾಸಿಗೆ ಸುರುಳಿಯ ಮೇಲೆ ಕೂತು ಹೊರಟ ಅವ್ವ ಬಿ.ಟಿ.ಎಂ.ನಲ್ಲಿದ್ದ ಭೀಮಪ್ಪನ ಮನೆ ಬರುವವರೆಗೆ ತಲೆ ಎತ್ತಲಿಲ್ಲ. ಹದಿನಾರರ ಜಯಾಗೆ ಅವ್ವನ ಮೇಲೆಯೇ ಸಿಟ್ಟು ಬಂದಿತ್ತು.

ಗುಣವಾದ ಮೇಲೆ ಅವ್ವ ಬೇರೆಯೇ ಹೆಂಗಸಾದಳು. ಮೀನಾಕ್ಷಮ್ಮನ ಮನೆ ನೋಡಲು ಬಂದ ದಿನ ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಹೇಳಿದಳು: "ನನಗ ಟಿ.ಬಿ. ಆಗಿತ್ರೀ. ಗುಳಿಗಿ ತಗೊಂಡು ಗೆದ್ದೀನಿ. ಮನಿ ಕೊಡ್ತೀರೇನ್ರೀ?"

ಮೀನಾಕ್ಷಮ್ಮ ತಬ್ಬಿಬ್ಬಾಗಿ ಬೀಗದ ಕೈ ಕೊಟ್ಟುಬಿಟ್ಟಿದ್ದರು.

*

ಕಳೆದ ಶ್ರಾವಣದ ಒಂದು ಸೋಮವಾರ ಅವ್ವ ಕೆಲಸದಿಂದ ಬಂದವಳೇ ಕೈಕಾಲು ಕೂಡ ತೊಳೆಯದೆ ಕೂತುಬಿಟ್ಟಿದ್ದಳು. ಶಿಲ್ಪಶ್ರೀ ಅವಳನ್ನು ಕತ್ತಲೆ ಕೋಣೆಗೆ ಕರೆದು ಮೈಕ್ರೋಸ್ಕೋಪಿನಲ್ಲಿ ಟಿ.ಬಿ. ಕ್ರಿಮಿ ತೋರಿಸಿದ್ದಳಂತೆ. ಬೇರೆಬೇರೆಯಾಗಿ ಕಾಣಲೆಂದು ಕ್ರಿಮಿಗೆ ಕೆಂಪು, ಜೀವಕೋಶದೊಳಗೆ ಅದನ್ನು ಸುತ್ತುವ ಪೊರೆಗೆ ಹಸಿರು ಬಣ್ಣ ಬರುವ ಹಾಗೆ ಮಾಡಿದ್ದರಂತೆ.

"ನಮ್ಮ ಮೈಯಾಗಿನ ಒಂದೊಂದು ಕೋಶನೂ ಒಂದೊಂದು ಮನಿ ಇದ್ದಂಗ ಐತಿ, ಜಯಾ," ಎಂದಳು ಅವ್ವ. "ಹಸಿವಾದ್ರ ತನ್ನ ಹಳೇ ಕಸಾನೆಲ್ಲಾ ಒಂದು ಚೀಲದಾಗ ಸುತ್ತಿ, ಕರಗಿಸಿ, ಅದನ್ನ ಉಣ್ತೈತಿ. ಕ್ರಿಮಿ ಒಳಗ ಹೊಕ್ಕರ ಅದಕ್ಕೂ ಅದ ಚೀಲ. ಮೊದಲ ಅರ್ಧಚಂದ್ರ ಬರ್ತೈತಿ, ಹಸರಂದು. ಆಮ್ಯಾಲ ಎರಡೂ ತುದಿ ಕೂಡ್ತಾವು. ಮುಗೀತು ಅದರ ಕತಿ!" ಹೇಳುತ್ತ ಅವ್ವ ಒಂದು ಬೆಳ್ಳುಳ್ಳಿ ಎಸಳನ್ನು ಸೆರಗಿನಲ್ಲಿ ಸುತ್ತಿ ಹಿಂಡಿದಳು.

"ಹಂಗಾರ ಗುಳಿಗಿ ಯಾಕ ಬೇಕಾತು?"

"ಆ ಕ್ರಿಮಿ ಭಾಳ ಶ್ಯಾಣ್ಯಾ. ಚೀಲದಿಂದ ತಪ್ಪಿಸ್ಕೊಳ್ಳೂದು ಕಲತೈತಿ. ಗುಳಿಗಿ ಬೇಕ ಬೇಕು." ಅವ್ವ ಸೆರಗು ಬಿಚ್ಚಿದಳು. "ಆದ್ರ ನೋಡು, ಕೋಶ ಹೆದರಿ ಓಡಂಗಿಲ್ಲ. ಗೇಟ್ ಹಾಕ್ಕೊಂಡು ಕೂಡಂಗಿಲ್ಲ. ಅದರ ಹತ್ರನ ಹೋಗಿ ಸುತ್ತತೈತಿ. ಇದು ತಿಲಕ್ ನಗರದಾಗ ಇದ್ದಾಗ ನನಗ ಗೊತ್ತಿದ್ರ ನಾ ತಲಿ ತಗ್ಗಸ್ತಿದ್ನೇನು?"

ಅವ್ವನ ಕಣ್ಣು ತುಂಬಿತ್ತು. ಅವಳು ನಗುತ್ತಲೂ ಇದ್ದಳು.

*

ಜಯಾ ಗೇಟು ಬಿಟ್ಟು ವ್ಯಾನಿನ ಕಡೆ ತಿರುಗಿದಳು. "ಇಳಸ್ರಿ. ಇಲ್ಲೇ ಜಳಕಾ ಮಾಡಸೂಣು."

"ರಸ್ತಾದಾಗ?" ಭೀಮಪ್ಪ ಗಾಬರಿಯಾದ.

"ರಸ್ತಾದಾಗನ. ಎಲ್ಲಾರೂ ನೋಡ್ಲಿ. ಈ ಸಲ ನಾವು ಹೋಗಂಗಿಲ್ಲ."

ಭೀಮಪ್ಪ ಅಕ್ಕನ ಮುಖ ನೋಡಿದ. ಗೇಟಿನ ಮುಂದಿನ ಚಪ್ಪಡಿಯ ಮೇಲೆ ಮಣೆ ಹಾಕಿದ. ಎದುರಿನ ಟೀ ಅಂಗಡಿಯ ಕೊಟ್ರಪ್ಪ ಯಾರೂ ಕೇಳದೆಯೇ ಎರಡು ಬಕೆಟ್ ನೀರು, ಒಂದು ತಂಬಿಗೆ ತಂದಿಟ್ಟು, ರಸ್ತೆಗೆ ಮುಖ ಮಾಡಿ ಕಾವಲಿನಂತೆ ನಿಂತ. ತಂಗೆವ್ವನನ್ನು ಮಣೆಯ ಮೇಲೆ ಕೂರಿಸಿ ಭೀಮಪ್ಪನೂ ಅತ್ತ ತಿರುಗಿದ.

ಜಯಾ ಚೀಲದಿಂದ ಅವ್ವನ ಹಸಿರು ಇಳಕಲ್ ಸೀರೆ ತೆಗೆದಳು. ಶಿಲ್ಪಶ್ರೀ, ಲ್ಯಾಬಿನಲ್ಲಿ ಅವ್ವನ ಜೊತೆ ಕೆಲಸ ಮಾಡುತ್ತಿದ್ದ ಕೆಂಚವ್ವ, ಪಕ್ಕದ ಮನೆಯ ಈಶ್ವರಮ್ಮ ಅದನ್ನು ಮರೆಯಾಗಿ ಅವ್ವನ ಸುತ್ತ ಹಿಡಿದರು. ಒಂದು ತುದಿ ಕೆಂಚವ್ವನ ಕೈಯಲ್ಲಿ, ಇನ್ನೊಂದು ಜಯಾಳ ಕೈಯಲ್ಲಿ.

"ಏನಮ್ಮ ಇದು! ಬೀದೀಲಿ, ಹೆಂಗಸಿಗೆ!" ಮೀನಾಕ್ಷಮ್ಮ ಗೇಟಿನ ಒಳಗಿಂದ ಕೂಗಿದರು.

"ಬೀದಿಗೆ ಬಿಟ್ಟೋರು ನೀವು ಆಂಟಿ," ಎಂದಳು ಜಯಾ.

"ಆಂಟಿ, ಆ ಕ್ರಿಮಿ ನಮ್ಮಲ್ಲಿ ಎಷ್ಟೋ ಜನರ ಒಳಗೆ ಸುಮ್ನೆ ಮಲಗಿರುತ್ತೆ," ಎಂದಳು ಶಿಲ್ಪಶ್ರೀ. "ನನ್ನೊಳಗೂ ಇರ್ಬೋದು, ನಿಮ್ಮೊಳಗೂ ಇರ್ಬೋದು. ಯಾರ್ಯಾರಿಗೆ ಅಂತ ಗೇಟ್ ಹಾಕ್ತೀರಾ?"

ಮೀನಾಕ್ಷಮ್ಮನ ಸೆರಗು ಮೂಗಿನಿಂದ ಜಾರಿತ್ತು.

ಜಯಾ ಒಂದು ಕೈಯಲ್ಲಿ ಸೀರೆ ಹಿಡಿದು ಇನ್ನೊಂದರಲ್ಲಿ ತಂಬಿಗೆ ಎತ್ತಿದಳು. ಗಾಳಿ ಬೀಸಿತು. ಸೀರೆ ಹಾರಿ, ಗೇಟಿನ ಕಡೆಗೆ ಒಂದು ಮೊಳದಷ್ಟು ತೆರೆಯಿತು. ಅವ್ವನ ಬರಿಯ ಭುಜ ಕಂಡಿತು. ಜಯಾ ತನ್ನ ಕೈಯಲ್ಲಿದ್ದ ತುದಿಯನ್ನು ಗೇಟಿನತ್ತ ಚಾಚಿದಳು.

"ಏಳು ವರ್ಷ ಅವ್ವ ಬಡಿದ ರೊಟ್ಟಿ ತಿಂದಿದೀರಿ," ಎಂದಳು. ಬೇಡುವ ದನಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. "ಬಂದು ಹಿಡೀರಿ."

ಚಾಚಿದ ಕೈ ನೋಯಲು ಶುರುವಾಯಿತು. ಅವಳು ಇಳಿಸಲಿಲ್ಲ.

ಚಿಲಕ ಕಿರುಗುಟ್ಟಿತು. ಚಪ್ಪಲಿಯಿಲ್ಲದ ಎರಡು ಪಾದಗಳು ಒದ್ದೆ ಚಪ್ಪಡಿಯ ಮೇಲೆ ಬಂದು ನಿಂತವು. ಸೀರೆಯ ತುದಿ ಜಯಾಳ ಬೆರಳುಗಳಿಂದ ಬಿಡಿಸಿಕೊಂಡು ಹೋಗಿ ಕೆಂಚವ್ವನ ಕೈಯಲ್ಲಿದ್ದ ತುದಿಯನ್ನು ಮುಟ್ಟಿತು. ಸುತ್ತಲೂ ಹಸಿರು ಕೂಡಿಕೊಂಡಿತು. ಜಯಾ ಎರಡೂ ಕೈಗಳಿಂದ ತಂಬಿಗೆ ಎತ್ತಿ ಅವ್ವನ ನೆತ್ತಿಯ ಮೇಲೆ ನೀರು ಸುರಿದಳು.